ಈಸೋಫೇಜಿಯಲ್ ವಾಲ್ ಥಿಕನಿಂಗ್ ಅಂದ್ರ ಏನು, ಅದಕ್ಕ ಯಾವ ಕೋಡ್ ಹಾಕಬೇಕು

ನಮ್ಮ ಬಾಗಲಕೋಟಿ, ವಿಜಾಪುರ, ಬೆಳಗಾವಿ ಕಡೆ ಬಿ.ಫಾರ್ಮ, ನರ್ಸಿಂಗ್ ಮುಗಿಸಿ ಮೆಡಿಕಲ್ ಕೋಡಿಂಗ್‌ಗೆ ಬರೋ ಹುಡುಗ್ರು ಹುಡುಗ್ಯಾರು ಭಾಳ ಕೇಳೋ ಪದ ಇದು. ಮೆಡಿಕಲ್ ಕೋಡಿಂಗ್ ಅಂದ್ರ ಡಾಕ್ಟರು ಬರೆದ ರೋಗ, ತೊಂದರೆಗಳನ್ನ ಗೊತ್ತುಮಾಡಿದ ಅಕ್ಷರ-ಅಂಕಿಯ ಕೋಡಿಗೆ ಬದಲಿಸೋ ಕೆಲಸ. ಸಿಟಿ ಸ್ಕ್ಯಾನ್ ರಿಪೋರ್ಟಿನ ಕೊನಿಗೆ ಒಂದ ಸಾಲು ಇರತೈತಿ, ಅನ್ನನಾಳದ ಗೋಡಿ ದಪ್ಪ ಕಾಣತೈತಿ, ಎಂಡೋಸ್ಕೋಪಿ (ಬಾಯಿಂದ ದುರ್ಬೀನ್ ಹಾಕಿ ಒಳಗ ನೋಡೋದು) ಮಾಡಿಸಿ ನೋಡ್ರಿ ಅಂತ. ಅಷ್ಟ. ಅದನ್ನ ನೋಡಿ ಒಬ್ರು ಅನ್ನನಾಳದ ಉರಿಯೂತದ ಕೋಡ್ ಹಾಕತಾರ, ಇನ್ನೊಬ್ರು ಸೀದಾ ಕ್ಯಾನ್ಸರಿಗೇ ಹೋಗತಾರ. ಎರಡೂ ತಪ್ಪು.

ಮೊದಲ ತಿಳ್ಕೊಬೇಕಾದ್ದು, ಗೋಡಿ ದಪ್ಪ ಆಗಿರೋದು ಒಂದು ರೋಗದ ಹೆಸರಲ್ಲ, ಸ್ಕ್ಯಾನಿನ್ಯಾಗ ಕಣ್ಣಿಗೆ ಬಿದ್ದ ಒಂದು ಸಂಗತಿ. ಅನ್ನನಾಳ ಸರಿಯಾಗಿ ಉಬ್ಬಿದ್ದಾಗ ಗೋಡಿ ಸುಮಾರು 3 ಮಿಲಿಮೀಟರ್ ಒಳಗ ಇರತೈತಿ, 5 ದಾಟಿದ್ರ ಸಾಮಾನ್ಯವಾಗಿ ದಪ್ಪ ಅಂತ ಬರೀತಾರ. ಆದ್ರ ಗಾಳಿ ಹೋದ ಸೈಕಲ್ ಟ್ಯೂಬ್ ಹೆಂಗ ಮುದುಡಿ ದಪ್ಪ ಕಾಣತೈತೋ ಹಂಗ ಖಾಲಿ ಅನ್ನನಾಳನೂ ಸ್ಕ್ಯಾನಿನ್ಯಾಗ ಸುಮ್ಮನ ದಪ್ಪ ಕಾಣಬಹುದು, ರೇಡಿಯಾಲಜಿಸ್ಟ್ ಎಂಡೋಸ್ಕೋಪಿ ಮಾಡ್ರಿ ಅನ್ನೋದಕ್ಕ ಇದೂ ಒಂದು ಕಾರಣ. ಖರೇನ ದಪ್ಪ ಆಗಿದ್ರೂ ಕಾರಣ ಹತ್ತಾರು: ಆಮ್ಲ ಮ್ಯಾಲ ಬಂದು ಸುಟ್ಟಿರಬಹುದು, ಕ್ಯಾಂಡಿಡಾ ಅನ್ನೋ ಶಿಲೀಂಧ್ರದ ಸೋಂಕು ಇರಬಹುದು, ಅಕಲೇಸಿಯಾ (ಅನ್ನನಾಳದ ಕೆಳಗಿನ ಬಾಯಿ ಸರಿಯಾಗಿ ಸಡಿಲ ಆಗದ ರೋಗ) ಇರಬಹುದು, ಎದಿಗೆ ರೇಡಿಯೇಶನ್ ಕೊಟ್ಟಿರಬಹುದು, ಗಡ್ಡಿ ಇರಬಹುದು. ನಮ್ಮ ಕಡೆ ತಂಬಾಕು ತಿನ್ನೋ ಹಿರಿಯರೊಬ್ರು ರೊಟ್ಟಿ ನುಂಗಾಕ ಆಗವಲ್ದು, ಎದಿಯಾಗ ನಿಂತಂಗ ಆಗತೈತಿ ಅಂತ ಬಂದ್ರ ಡಾಕ್ಟರಿಗೆ ಕ್ಯಾನ್ಸರಿನ ಸಂಶಯ ಬರಲೇಬೇಕು, ಬೇಗ ದುರ್ಬೀನ್ ಹಾಕಿ ನೋಡಲೇಬೇಕು. ಕೋಡರ್ ಮಾತ್ರ ಆ ಸಂಶಯವನ್ನ ಕೋಡ್ ಮಾಡಂಗಿಲ್ಲ.

ಇಲ್ಲಿ ಕುಂತು ನಾವು ಹೆಚ್ಚಾಗಿ ಮಾಡೋದು ಅಮೆರಿಕದ ಚಾರ್ಟು (ರೋಗಿಗಳ ದಾಖಲೆ), ಅಂದ್ರ ಐಸಿಡಿ-10-ಸಿಎಂ ಅನ್ನೋ ಅಲ್ಲಿನ ರೋಗಗಳ ಕೋಡ್ ಪಟ್ಟಿ. ಅದರಾಗ ಇಮೇಜಿಂಗ್‌ನ್ಯಾಗ ಮಾತ್ರ ಕಂಡಿದ್ದು, ಇನ್ನೂ ರೋಗ ತೀರ್ಮಾನ ಆಗಿಲ್ಲ ಅಂದ್ರ ಆರ್93.3, ಜೀರ್ಣಾಂಗದ ಇತರ ಭಾಗದ ಇಮೇಜಿಂಗ್‌ನ್ಯಾಗ ಅಸಹಜ ಅಂಶ. ಟ್ರೀಟ್ ಮಾಡೋ ಡಾಕ್ಟರೇ ತಮ್ಮ ಅಸೆಸ್‌ಮೆಂಟಿನ್ಯಾಗ ಇದನ್ನ ಅನ್ನನಾಳದ ತೊಂದರೆ ಅಂತ ಒಪ್ಪಿ ಬರೆದಿದ್ರ ಕೆ22.89, ಅನ್ನನಾಳದ ಇತರ ನಿರ್ದಿಷ್ಟ ರೋಗ. ಈ ಕೆ22.89 ಬಂದಿದ್ದು 2021ರ ಅಕ್ಟೋಬರ್ 1ಕ್ಕ, ಅದಕ್ಕೂ ಮೊದಲ ಬರೇ ಕೆ22.8 ಇತ್ತು, ಅದನ್ನ ಒಡದು ಅನ್ನನಾಳದ ಪಾಲಿಪ್‌ಗೆ (ಒಳಪದರದಾಗ ಬೆಳೆಯೋ ಸಣ್ಣ ಗಂಟು) ಕೆ22.81, ಅನ್ನನಾಳ ಜಠರ ಸೇರೋ ಜಾಗದ ಪಾಲಿಪ್‌ಗೆ ಕೆ22.82, ಉಳಿದಿದ್ದಕ್ಕ ಕೆ22.89 ಮಾಡಿದ್ರು. ಹಳೇ ನೋಟ್ಸ್ ನೋಡಿ ಕೆ22.8 ಅಂತ ಹಾಕಿದ್ರ ಕ್ಲೇಮು ವಾಪಸ್ ಬರತೈತಿ. ಆರ್93.3ಕ್ಕೂ ಕೆ22.89ಕ್ಕೂ ನಡುವ ಭಾಳ ವಾದ ನಡೀತಾವು. ನನ್ನ ಅಭಿಪ್ರಾಯ ಕೇಳಿದ್ರ, ಸ್ಕ್ಯಾನ್ ರಿಪೋರ್ಟ್ ಒಂದ ಕೈಯಾಗಿದ್ರ ಆರ್93.3 ಸರಿ, ಯಾಕಂದ್ರ ಮುದುಡಿದ ಅನ್ನನಾಳಕ್ಕ ರೋಗ ಅಂತ ಹಣಿಪಟ್ಟಿ ಹಚ್ಚೋದು ರೋಗಿಗೆ ಅನ್ಯಾಯ.

ಈಗ ರಿಪೋರ್ಟಿನ್ಯಾಗ 'ಉರಿಯೂತ ಇರಬಹುದು, ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಮಾಡ್ಕೊಳ್ರಿ' ಅಂತ ಐತಿ ಅನ್ಕೊಳ್ರಿ. ಔಟ್‌ಪೇಶೆಂಟ್ ಆದ್ರ ಇರಬಹುದು, ಸಂಶಯ, ರೂಲ್ ಔಟ್ ಇವ್ಯಾವನ್ನೂ ಕೋಡ್ ಮಾಡಂಗಿಲ್ಲ ಅಂತ ಗೈಡ್‌ಲೈನ್ಸ್ ಸ್ಪಷ್ಟ ಹೇಳತೈತಿ. ಹಂಗಾಗಿ ಅನ್ನನಾಳದ ಉರಿಯೂತದ ಕೆ20.90 ಇಲ್ಲ, ಅನ್ನನಾಳದ ಕ್ಯಾನ್ಸರಿನ ಸಿ15.9 ಅಂತೂ ಇಲ್ಲವೇ ಇಲ್ಲ. ಸ್ಕ್ಯಾನ್ ಮಾಡಿಸಿದ ಕಾರಣ ನುಂಗಾಕ ತ್ರಾಸ ಇದ್ರ ಆರ್13.10, ಜೋಡಿ ಆರ್93.3. ಬಯಾಪ್ಸಿ (ಸಣ್ಣ ತುಣುಕು ತಗದು ಮಾಡೋ ಪರೀಕ್ಷೆ) ರಿಪೋರ್ಟ್ ಬಂದು ಕ್ಯಾನ್ಸರ್ ಅಂತ ಖಾತ್ರಿ ಆದ ಮ್ಯಾಲ ಜಾಗ ನೋಡಿ ಮ್ಯಾಲಿನ ಮೂರನೇ ಭಾಗಕ್ಕ ಸಿ15.3, ನಡುವಿನದಕ್ಕ ಸಿ15.4, ಕೆಳಗಿನದಕ್ಕ ಸಿ15.5. ಆಮ್ಲದಿಂದ ಉರಿಯೂತ ಅಂತ ಡಾಕ್ಟರು ಬರದ್ರ, ರಕ್ತಸ್ರಾವ ಇಲ್ಲದಿದ್ರ ಕೆ21.00, ಇದ್ರ ಕೆ21.01, ಆವಾಗ ದಪ್ಪ ಆಗಿರೋದಕ್ಕ ಬ್ಯಾರೆ ಕೋಡ್ ಬ್ಯಾಡ, ಆ ಉರಿಯೂತದಾಗ ಅದು ಸೇರಿ ಬಿಡ್ತು.

ಅಡ್ಮಿಟ್ ಆದ ರೋಗಿಗೆ ನಿಯಮ ಬ್ಯಾರೆ. ಡಿಸ್ಚಾರ್ಜ್ ಹೊತ್ತಿಗೂ ಡಾಕ್ಟರು ಇರಬಹುದು ಅಂತನ ಬರೆದಿದ್ರ ಅದು ಇದ್ದಂಗನ ಕೋಡ್ ಮಾಡಬೇಕು. ಆದ್ರ ಬರೇ ಸ್ಕ್ಯಾನಿನ್ಯಾಗ ಕಂಡ ಅಂಶ ಇದ್ರ, ಇದಕ್ಕ ಮಹತ್ವ ಐತಿ ಅಂತ ಡಾಕ್ಟರು ಬರಿಯೋ ತನಕ ನಾವಾಗೇ ಎತ್ಕೊಂಡು ಕೋಡ್ ಹಾಕಂಗಿಲ್ಲ. ಈ ಎರಡನ್ನ ಹುಡುಗ್ರು ಗೊಂದಲ ಮಾಡ್ಕೋತಾರ, ಪರೀಕ್ಷೆದಾಗೂ ಇಲ್ಲೇ ಮಾರ್ಕ್ಸ್ ಹೋಗತಾವು.

ನಮ್ಮ ಜಿಲ್ಲಾದ ಆಸ್ಪತ್ರೆ ಎಂಆರ್‌ಡಿದಾಗ (ರೋಗಿಗಳ ದಾಖಲೆ ಇಡೋ ವಿಭಾಗ) ಕೆಲಸ ಮಾಡೋರು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಬಳಸ್ತಿದ್ರ ಅಲ್ಲಿ ಕೆ22.8 ಇನ್ನೂ ಹಂಗೇ ಐತಿ, ನುಂಗಾಕ ತ್ರಾಸಕ್ಕ ಬರೇ ಆರ್13, ಅಮೆರಿಕದ ಹೆಚ್ಚುವರಿ ಅಂಕಿ ಅಲ್ಲಿ ತುರುಕಬ್ಯಾಡ್ರಿ.

ಇನ್ನ ಬರವಣಿಗಿ. ಡಾಕ್ಟರು 'ಥಿಕನಿಂಗ್ ಐತಿ' ಅಂತ ಒಂದ ಶಬ್ದ ಬರದು ಬಿಟ್ರ ಕೋಡರಿಗೂ ಕಷ್ಟ, ಇನ್ಶೂರೆನ್ಸಿನವ್ರಿಗೂ ಎಂಡೋಸ್ಕೋಪಿ ಯಾಕ ಬೇಕಾತು ಅಂತ ತಿಳಿಯಂಗಿಲ್ಲ. ಅದ ನೋಟ್ ಹಿಂಗಿದ್ರ ನೋಡ್ರಿ: ಕೆಳಗಿನ ಮೂರನೇ ಭಾಗ, ಸುತ್ತಲೂ ದಪ್ಪ, 9 ಮಿಲಿಮೀಟರ್, ಉದ್ದ 4 ಸೆಂಟಿಮೀಟರ್, ಗಂಟುಗಳಿಲ್ಲ, ಗಟ್ಟಿ ಆಹಾರ ನುಂಗಾಕ ಎರಡು ತಿಂಗಳಿಂದ ತ್ರಾಸ, ತೂಕ ಇಳದೈತಿ, ಎಂಡೋಸ್ಕೋಪಿ ಮತ್ತು ಬಯಾಪ್ಸಿ ಮಾಡ್ತೀವಿ. ಇದರಾಗ ಎಲ್ಲಾ ಸಿಗತೈತಿ, ತೂಕ ಇಳದಿದ್ದಕ್ಕ ಆರ್63.4 ಸೈತ.

ನೋಟ್ ಅಷ್ಟು ಚಂದ ಇಲ್ಲದಿದ್ರ ಡಾಕ್ಟರಿಗೆ ಕ್ವೇರಿ (ಸ್ಪಷ್ಟನೆ ಕೇಳೋ ಪ್ರಶ್ನೆ) ಕಳಿಸ್ರಿ, ಆದ್ರ 'ಇದು ಈಸೋಫಜೈಟಿಸ್ (ಅನ್ನನಾಳದ ಉರಿಯೂತ) ಅಂತ ಬರೀಲೇನ್ರಿ ಸರ್' ಅಂತ ಉತ್ತರ ನಾವ ಬಾಯಾಗ ಇಡಬಾರದು. ಸಿಟಿದಾಗ ಹಿಂಗ ಕಂಡೈತಿ, ಮುಂದ ಎಂಡೋಸ್ಕೋಪಿ ಆರ್ಡರ್ ಮಾಡೀರಿ, ಇದಕ್ಕ ಸಂಬಂಧಪಟ್ಟ ರೋಗನಿರ್ಣಯ ಏನರ ಇದ್ರ ದಯವಿಟ್ಟು ದಾಖಲಿಸ್ರಿ, ಇನ್ನೂ ತೀರ್ಮಾನ ಆಗಿಲ್ಲ ಅಂದ್ರ ಹಂಗಂತನ ಬರೀರಿ ಅಂತ ಕೇಳ್ರಿ ಸಾಕು.