ದರೆ ಬುಡದ ಹಲ್ಲು

ಕಳೆದ ಮಳೆಗಾಲದಲ್ಲಿ, ಘಟ್ಟದ ಮೇಲೆ ಬಿಟ್ಟೂ ಬಿಡದೆ ಹೊಯ್ಯುತ್ತಿದ್ದ ಒಂದು ವಾರ, ಕಾರವಾರದಲ್ಲಿ ಓದುತ್ತಿರುವ ತಂಗಿಯ ಮಗಳು ಶಿರಸಿಗೆ ಬಂದಳು. ಕೊಡೆ ಮಡಚಿ ಜಗಲಿ ಹತ್ತಿದವಳು ಚೀಲ ಇಳಿಸುವ ಮೊದಲೇ, "ಮಾವ, ಬಾಯಿ ಬಿಡಲೇ ಆಗ್ತಿಲ್ಲೆ" ಎಂದಳು. ಹಲ್ಲು ಕಚ್ಚಿಕೊಂಡೇ ಮಾತಾಡುತ್ತಿದ್ದಳು. ಬಲಗೆನ್ನೆಯ ಕೆಳಗೆ, ದವಡೆ ತಿರುಗುವ ಮೂಲೆಯಲ್ಲಿ ಊತ. ವಯಸ್ಸು 21.

ಆಯಿ ಅಡುಗೆಮನೆಯಿಂದ ಲವಂಗದ ಡಬ್ಬಿ ತಂದಳು. ನಾನು ಹುಡುಗಿಗೆ ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಒಂದರ ಮೇಲೊಂದು ಬರುವಂತೆ ಜೋಡಿಸಿ ಮುಂದಿನ ಹಲ್ಲುಗಳ ನಡುವೆ ಇಡಲು ಹೇಳಿದೆ. ಸಾಮಾನ್ಯವಾಗಿ ಯಾರ ಬಾಯಿಗಾದರೂ ಅವರವರ ಮೂರು ಬೆರಳು ಹಿಡಿಸುತ್ತವೆ. ಅವಳಿಗೆ ಒಂದು ಹೋಯಿತು, ಎರಡನೆಯದು ಹೋಗಲಿಲ್ಲ. ಕಣ್ಣಲ್ಲಿ ನೀರು ಬಂತು.

ಬುದ್ಧಿಹಲ್ಲು ಎಂದು ಆಗಲೇ ಗೊತ್ತಾಯಿತು. ನನ್ನ ಬಾಯಲ್ಲಿ ಅದು ಮಾಡಿಟ್ಟುಹೋದ ಹಾನಿಯ ನೆನಪು ಇನ್ನೂ ಇದೆ, ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ದವಡೆಹಲ್ಲುಗಳು ಹುಟ್ಟುವುದಕ್ಕೊಂದು ಲೆಕ್ಕವಿದೆ. ಮೊದಲನೆಯದು ಸುಮಾರು 6ನೇ ವಯಸ್ಸಿಗೆ, ಎರಡನೆಯದು 12ರ ಆಸುಪಾಸಿಗೆ, ಮೂರನೆಯದು 17ರಿಂದ 25ರೊಳಗೆ. ಬುದ್ಧಿ ಬಲಿಯುವ ವಯಸ್ಸಿಗೆ ಬರುವುದರಿಂದ ಈ ಹೆಸರು. ಕಾರವಾರದ ಕಡೆ ಕೊಂಕಣಿ, ಮರಾಠಿ ಮಾತಾಡುವವರು ಅಕ್ಕಲದಾಡ ಎನ್ನುವುದೂ ಇದೇ ಅರ್ಥದಲ್ಲಿ. ಹುಟ್ಟುವುದು ತಡವಾದರೂ ದವಡೆಯೊಳಗೆ ಅದರ ಮೊಳಕೆ ಗಟ್ಟಿಯಾಗತೊಡಗುವುದು 7ರಿಂದ 10ನೇ ವಯಸ್ಸಿಗೇ. ಮಗು ಮೂರನೇ ಕ್ಲಾಸಿನಲ್ಲಿರುವಾಗಲೇ ಎಲುಬಿನೊಳಗೆ ಅದರ ಕೆಲಸ ನಡೆದಿರುತ್ತದೆ. ಎಲ್ಲರಿಗೂ ನಾಲ್ಕು ಇರಲೇಬೇಕೆಂದಿಲ್ಲ. ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ಒಂದಾದರೂ ಬುದ್ಧಿಹಲ್ಲಿನ ಮೊಳಕೆಯೇ ಇರುವುದಿಲ್ಲ.

ಇದು ವಾಲಿಕೊಂಡು ಬೆಳೆಯುವುದೇಕೆ? ಕೆಳದವಡೆಯ ಹಿಂಭಾಗದಲ್ಲಿ ಎಲುಬು ಗೋಡೆಯ ಹಾಗೆ ಕಿವಿಯ ಕಡೆಗೆ ಏರುತ್ತದೆ. ಬೆಳೆಯುವ ಮಕ್ಕಳಲ್ಲಿ ಈ ಗೋಡೆಯ ಮುಂಬದಿ ಸವೆಯುತ್ತ, ಹಿಂಬದಿಗೆ ಹೊಸ ಎಲುಬು ಸೇರುತ್ತ ಹೋಗುತ್ತದೆ. ಮುಂದೆ ಸವೆದಷ್ಟು ಜಾಗ ಹೊಸ ದವಡೆಹಲ್ಲಿಗೆ ಸಿಗುತ್ತದೆ. ಮೂರನೆಯದು ರೂಪುಗೊಳ್ಳುವ ಹೊತ್ತಿಗೆ ಅದರ ಹಿಂದೆ ಆ ಗೋಡೆ ಇನ್ನೂ ನಿಂತೇ ಇರುತ್ತದೆ. ಹಾಗಾಗಿ ಹಲ್ಲು ಮೊದಲಿನಿಂದಲೇ ಮುಂದಕ್ಕೆ ಬಾಗಿರುತ್ತದೆ, ಜಾಗವಾದ ಹಾಗೆ ನೆಟ್ಟಗಾಗುತ್ತ ಮೇಲೆ ಬರಬೇಕು. ನಮ್ಮ ತೋಟಗಳಲ್ಲಿ ದರೆಯ ಬುಡಕ್ಕೇ ನೆಟ್ಟ ಅಡಿಕೆ ಸಸಿಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿಂದೆ ಮಣ್ಣಿನ ಗೋಡೆ, ಮುಂದೆ ಬಯಲು. ಸಸಿ ಮುಂದಕ್ಕೇ ವಾಲುತ್ತದೆ. ದವಡೆಯಲ್ಲಿ ಮುಂದೆ ಬಯಲಿಲ್ಲ, ಎರಡನೇ ದವಡೆಹಲ್ಲು ನಿಂತಿರುತ್ತದೆ. ಬುದ್ಧಿಹಲ್ಲಿನ ತಲೆ ಅದರ ಬೆನ್ನಿಗೆ ತಾಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಬಿದ್ದ ಕೆಳಗಿನ ಬುದ್ಧಿಹಲ್ಲುಗಳಲ್ಲಿ ಹೀಗೆ ಮುಂದಕ್ಕೆ ಬಾಗಿದವೇ ಹೆಚ್ಚು. ಕೆಲವು ಪೂರ್ತಿ ಅಡ್ಡ ಮಲಗಿರುತ್ತವೆ, ಕೆಲವು ನೆಟ್ಟಗಿದ್ದೂ ಎಲುಬಿನೊಳಗೇ ಉಳಿಯುತ್ತವೆ. 1926ರಲ್ಲಿ ಜಾರ್ಜ್ ವಿಂಟರ್ ಎಂಬ ಅಮೆರಿಕದ ದಂತವೈದ್ಯರು ಈ ವಾಲುವಿಕೆಯನ್ನೇ ಆಧರಿಸಿ ಇವುಗಳನ್ನು ವಿಂಗಡಿಸಿದರು. ಇಂದಿಗೂ ವೈದ್ಯರು ಚೀಟಿಯಲ್ಲಿ ಬರೆಯುವುದು ಆ ಹೆಸರುಗಳನ್ನೇ.

ಹಿಂದಿನವರಿಗಿಂತ ನಮ್ಮ ದವಡೆ ಚಿಕ್ಕದಾದದ್ದಕ್ಕೆ ಮೆತ್ತಗಿನ ಊಟವೂ ಒಂದು ಕಾರಣ. ಅಗಿಯುವ ಒತ್ತಡ ಬಿದ್ದಷ್ಟೂ ಬೆಳೆಯುವ ದವಡೆಯ ಎಲುಬು ಬಲಿಯುತ್ತದೆ. ಬೇಯಿಸಿದ್ದು, ಬೀಸಿದ್ದು, ನುಣ್ಣಗೆ ಅರೆದದ್ದು ತಿನ್ನುವ ನಾವು ಬೇಟೆಯಾಡಿ, ಗೆಡ್ಡೆ ಅಗೆದು ತಿನ್ನುತ್ತಿದ್ದವರಷ್ಟು ಅಗಿಯುವುದಿಲ್ಲ. ಹಾಗೆಂದು ಮಕ್ಕಳಿಗೆ ಒಂದು ವರ್ಷ ಗಟ್ಟಿ ತಿನಿಸು ಕೊಟ್ಟರೆ ಹಲ್ಲು ನೆಟ್ಟಗೆ ಬರುತ್ತದೆ ಎಂದು ಯಾರೂ ಭರವಸೆ ಕೊಡಲಾರರು. ತಾಯಿತಂದೆಯಿಂದ ಬಂದ ದವಡೆಯ ಅಳತೆ, ಹಲ್ಲಿನ ಅಳತೆಗಳೂ ಇದರಲ್ಲಿವೆ.

ಪೂರ್ತಿ ಹುಗಿದುಹೋದ ಹಲ್ಲು ಎಷ್ಟೋ ಸಲ ಜೀವಮಾನವಿಡೀ ಸುಮ್ಮನಿರುತ್ತದೆ. ತೊಂದರೆ ಹೆಚ್ಚು ಕೊಡುವುದು ಅರ್ಧ ಹೊರಬಂದು ನಿಂತ ಹಲ್ಲು. ಮರುದಿನ ದಂತವೈದ್ಯೆ ಹುಡುಗಿಯ ಬಾಯೊಳಗೆ ಪುಟ್ಟ ಕನ್ನಡಿ ಹಿಡಿದು ನನಗೂ ತೋರಿಸಿದರು. ಕಟ್ಟಕಡೆಯ ಹಲ್ಲಿನ ಒಂದು ಮೂಲೆ ಮಾತ್ರ ಬಿಳಿಯಾಗಿ ಕಾಣುತ್ತಿತ್ತು. ಉಳಿದದ್ದರ ಮೇಲೆ ಒಸಡು ಟೋಪಿಯಂತೆ ಹೊದ್ದುಕೊಂಡು, ಕೆಂಪಾಗಿ ಉಬ್ಬಿತ್ತು. ಅದರ ಮೇಲೆ ಹಲ್ಲಿನ ಅಚ್ಚು. ಮೇಲಿನ ಬುದ್ಧಿಹಲ್ಲು ಪ್ರತಿ ಸಲ ಬಾಯಿ ಮುಚ್ಚಿದಾಗಲೂ ಆ ಊದಿದ ಒಸಡನ್ನೇ ಕಚ್ಚುತ್ತಿತ್ತು. ವೈದ್ಯೆ ಮೊಂಡು ಸೂಜಿಯ ಸಿರಿಂಜಿನಿಂದ ಟೋಪಿಯಡಿಗೆ ಸಲೈನ್ ಬಿಟ್ಟರು. ಮೊದಲು ಬಂದದ್ದು ತುಸು ಕೀವು, ಆಮೇಲೆ ಅವಲಕ್ಕಿಯ ಚೂರು, ಆಮೇಲೆ ಕೆಟ್ಟ ವಾಸನೆ.

ಇದನ್ನು ಪೆರಿಕೊರೊನೈಟಿಸ್ ಎನ್ನುತ್ತಾರೆ. ಒಸಡಿನ ಹೊದಿಕೆ ಮತ್ತು ಹಲ್ಲಿನ ನಡುವಿನ ಸಂದಿಗೆ ಅನ್ನದಗುಳು ಹೋಗುತ್ತದೆ, ಬ್ರಷ್ ಹೋಗುವುದಿಲ್ಲ. ಗಾಳಿಯಾಡದ ಆ ಜಾಗದಲ್ಲಿ ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳು ಹೆಚ್ಚುತ್ತವೆ. ಬಾಯಿ ಮುಚ್ಚಿ ಅಗಿಯಲು ನೆರವಾಗುವ ಸ್ನಾಯುಗಳು ಪಕ್ಕದಲ್ಲೇ ಇರುವುದರಿಂದ ಉರಿಯೂತ ಅವಕ್ಕೂ ತಟ್ಟಿ ಅವು ಬಿಗಿದುಕೊಳ್ಳುತ್ತವೆ. ಹುಡುಗಿಯ ಬಾಯಿಗೆ ಎರಡನೇ ಬೆರಳು ಹೋಗದಿದ್ದದ್ದು ಇದರಿಂದ.

ಸಂದಿ ತೊಳೆದು, ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ದಿನಕ್ಕೆ ನಾಲ್ಕಾರು ಸಲ ಬಾಯಿ ಮುಕ್ಕಳಿಸಿದರೆ ಮೂರು ನಾಲ್ಕು ದಿನಕ್ಕೆ ನೋವು ಇಳಿಯುವುದುಂಟು. ಜ್ವರ, ಹರಡುವ ಊತ, ಬಾಯಿ ಬಿಡಲಾಗದ ಸ್ಥಿತಿ ಇದ್ದರೆ ವೈದ್ಯರು ಆಂಟಿಬಯೋಟಿಕ್ ಬರೆಯುತ್ತಾರೆ. ಲವಂಗದಲ್ಲಿರುವ ಯೂಜಿನಾಲ್ ನರವನ್ನು ತುಸು ಮಂಕಾಗಿಸುವುದು ನಿಜ, ಆದರೆ ಲವಂಗದೆಣ್ಣೆಯನ್ನು ಹಾಗೇ ಸುರಿದರೆ ಒಸಡು ಸುಡುತ್ತದೆ. ನೋವಿನ ಮಾತ್ರೆಯನ್ನು ನುಂಗದೆ ಹಲ್ಲಿನ ಪಕ್ಕ ಇಟ್ಟುಕೊಂಡರೂ ಹಾಗೇ ಸುಡುತ್ತದೆ. ಊದಿದ ಕೆನ್ನೆಗೆ ಹೊರಗಿನಿಂದ ಶಾಖ ಕೊಡುವುದೂ ಬೇಡ.

ನನ್ನ ಕಥೆ ಇಲ್ಲಿ ಬರುತ್ತದೆ. 26ನೇ ವಯಸ್ಸಿನಿಂದ 29ರವರೆಗೆ ನನಗೆ ಇದೇ ನೋವು ಏಳೆಂಟು ಸಲ ಬಂತು. ಪ್ರತಿ ಸಲವೂ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಐದು ದಿನದ ಮಾತ್ರೆ ಕೊಟ್ಟರು, ಪ್ರತಿ ಸಲವೂ ಗುಣವಾಯಿತೆಂದು ನಾನು ತಿರುಗಿ ಹೋಗಲಿಲ್ಲ. ಒಂದು ಎಕ್ಸ್-ರೇ ಕೂಡ ಆಗಲಿಲ್ಲ. ಮಾತ್ರೆ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಸಂದಿಯನ್ನು ಮುಚ್ಚುವುದಿಲ್ಲ. ನೋವಿಲ್ಲದ ತಿಂಗಳುಗಳಲ್ಲೂ ಅಲ್ಲಿ ಅಗುಳು ಕೊಳೆಯುತ್ತಲೇ ಇತ್ತು, ಮುಂದಿನ ಒಳ್ಳೆಯ ದವಡೆಹಲ್ಲಿನ ಬೆನ್ನಿಗೆ ಹುಳುಕು ಹಿಡಿದಿತ್ತು. ಕನ್ನಡಿಗೆ ಕಾಣದ, ನಾಲಿಗೆಗೆ ಸಿಗದ ಜಾಗ ಅದು. ಕೊನೆಗೆ ತಿಳಿದಾಗ ಹುಳುಕು ಬೇರಿಗಿಳಿದಿತ್ತು. ಬುದ್ಧಿಹಲ್ಲಿನ ಜೊತೆ, 12ನೇ ವಯಸ್ಸಿನಿಂದ ನೆಟ್ಟಗೆ ಕೆಲಸ ಮಾಡಿಕೊಂಡಿದ್ದ ಹಲ್ಲನ್ನೂ ಕೀಳಿಸಿಕೊಂಡೆ. ಈ ಲೇಖನ ಬರೆಯಲು ಕಾರಣವೂ ಅದೇ. ನೋವು ಇಳಿದ ದಿನವೇ ಎಕ್ಸ್-ರೇ ತೆಗೆಸುವ ದಿನ.

ಇನ್ನೊಂದು ವಿಷಯ ಘಟ್ಟದ ಮೇಲೆ, ಕೆಳಗೆ ಇರುವ ನಮಗೆಲ್ಲ ಗೊತ್ತಿರಲೇಬೇಕು. ಕೆಳಗಿನ ಬುದ್ಧಿಹಲ್ಲಿನ ಬೇರಿನ ತುದಿ, ಬಾಯಿಯ ನೆಲದಂತೆ ಹರಡಿರುವ ಸ್ನಾಯು ದವಡೆಗೆ ಅಂಟಿಕೊಂಡ ಗೆರೆಗಿಂತ ಕೆಳಗಿರುತ್ತದೆ. ಅಲ್ಲಿಯ ಕೀವು ಬಾಯೊಳಗೆ ಒಡೆಯದೆ ನೇರ ಕುತ್ತಿಗೆಗೆ ಇಳಿಯಬಹುದು. 1836ರಲ್ಲಿ ಜರ್ಮನಿಯ ಲುಡ್ವಿಗ್ ಎಂಬ ವೈದ್ಯರು ವಿವರಿಸಿದ, ಅವರದೇ ಹೆಸರಿನ ಕಾಯಿಲೆಯಲ್ಲಿ ಗದ್ದದ ಕೆಳಗೆ ಎರಡೂ ಬದಿ ಗಟ್ಟಿಯಾಗಿ ಊದುತ್ತದೆ, ನಾಲಿಗೆ ಮೇಲಕ್ಕೆದ್ದು ಉಸಿರಿನ ದಾರಿ ಕಟ್ಟುತ್ತದೆ. ಎಂಜಲು ನುಂಗಲಾಗದೆ ಜೊಲ್ಲು ಸುರಿಯುವುದು, ಮಾತು ತೊದಲುವುದು, ಮಲಗಿದರೆ ಉಸಿರುಗಟ್ಟುವುದು ಕಂಡರೆ ಬೆಳಗಾಗಲಿ ಎಂದು ಕಾಯಬಾರದು. ಮಳೆಗಾಲದಲ್ಲಿ ಗುಡ್ಡ ಜರಿದು ಘಟ್ಟದ ರಸ್ತೆ ಬಂದಾಗುವ ಜಿಲ್ಲೆ ನಮ್ಮದು. ಹತ್ತಿರದ ದೊಡ್ಡಾಸ್ಪತ್ರೆಗೆ ರಾತ್ರಿಯೇ ಹೊರಡಬೇಕು.

ಹಾಗಾದರೆ ಬುದ್ಧಿಹಲ್ಲೆಲ್ಲ ಕೀಳಿಸಿಬಿಡಬೇಕೇ? ಬೇಡ. ನೆಟ್ಟಗೆ ಬಂದು, ಎದುರು ಹಲ್ಲಿಗೆ ಕೂಡಿಕೊಂಡು, ಬ್ರಷ್ ತಲುಪುವಂತಿದ್ದರೆ ಅದು ಉಳಿದವುಗಳಂತೆ ಒಂದು ಹಲ್ಲು. ತೊಂದರೆಯೇ ಇಲ್ಲದ ಬುದ್ಧಿಹಲ್ಲನ್ನು ಮುಂಜಾಗ್ರತೆಯೆಂದು ಕೀಳಬೇಡಿ ಎಂದು ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2000ದಲ್ಲೇ ಅಲ್ಲಿನ ವೈದ್ಯರಿಗೆ ಸೂಚಿಸಿತ್ತು. ಮುಂದಿನ ಹಲ್ಲುಗಳು ಒತ್ತಿಕೊಂಡು ಸೊಟ್ಟಗಾಗುವುದು ಬುದ್ಧಿಹಲ್ಲಿನಿಂದಲೇ ಎಂಬ ಮಾತನ್ನೂ ನಂಬಬೇಕಿಲ್ಲ, ಬುದ್ಧಿಹಲ್ಲೇ ಇಲ್ಲದವರಿಗೂ ವಯಸ್ಸಾದಂತೆ ಹಾಗಾಗುತ್ತದೆ. ಪದೇ ಪದೇ ಸೋಂಕು, ಪಕ್ಕದ ಹಲ್ಲಿಗೆ ಹುಳುಕು, ತುಂಬಿ ಸರಿಪಡಿಸಲಾಗದ ಬುದ್ಧಿಹಲ್ಲು, ಹಲ್ಲಿನ ಸುತ್ತ ನೀರುಗಂಟಿನಂಥ ಸಿಸ್ಟ್, ಇವೆಲ್ಲ ಕೀಳಲು ಕಾರಣಗಳು. ಹಲ್ಲು ಕಿತ್ತರೆ ಕಣ್ಣಿನ ದೃಷ್ಟಿ ಹೋಗುತ್ತದೆ ಎಂದು ಆಯಿ ಅವತ್ತೂ ಹೆದರಿದಳು. ಕಣ್ಣಿಗೆ ನೋಟ ಕೊಡುವ ನರವೇ ಬೇರೆ, ಹಲ್ಲಿಗೆ ಹೋಗುವ ನರವೇ ಬೇರೆ. ಕಿತ್ತದ್ದರಿಂದ ದೃಷ್ಟಿ ಮಂದವಾಗುವುದಿಲ್ಲ.

ತೀರ್ಮಾನಕ್ಕೆ ಆಧಾರ ಒಪಿಜಿ ಎಂಬ ಎಕ್ಸ್-ರೇ. ಯಂತ್ರ ತಲೆಯ ಸುತ್ತ ತಿರುಗಿ ಎರಡೂ ದವಡೆಯನ್ನು ಒಂದೇ ಚಿತ್ರದಲ್ಲಿ ಹಿಡಿಯುತ್ತದೆ. ವಿಕಿರಣ ತೀರಾ ಕಡಿಮೆ, ನೆಲ ಮತ್ತು ಆಕಾಶದಿಂದ ನಮಗೆ ಹೇಗೂ ಕೆಲವು ದಿನಗಳಲ್ಲಿ ತಾಗುವಷ್ಟು. ಚಿತ್ರದಲ್ಲಿ ವೈದ್ಯರು ಮುಖ್ಯವಾಗಿ ಹುಡುಕುವುದು ಕೆಳದವಡೆಯೊಳಗೆ ಹಾದುಹೋಗುವ ಒಂದು ಕಾಲುವೆಯನ್ನು. ಕೆಳತುಟಿ ಮತ್ತು ಗದ್ದಕ್ಕೆ ಸ್ಪರ್ಶ ತಿಳಿಸುವ ನರ ಅದರಲ್ಲಿದೆ. ಬೇರು ಅದಕ್ಕೆ ತಾಗಿದ್ದರೆ ಕೀಳುವಾಗ ನರ ನೊಂದು ತುಟಿ ಜೋಮು ಹಿಡಿದಂತಾಗಬಹುದು. ಬಹುಪಾಲು ಜನರಿಗೆ ಇದು ವಾರ, ತಿಂಗಳುಗಳಲ್ಲಿ ಸರಿಹೋಗುತ್ತದೆ. ಶಾಶ್ವತವಾಗಿ ಉಳಿಯುವುದು ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ. ಬೇರು ನರಕ್ಕೆ ತೀರಾ ಹತ್ತಿರವಿದ್ದರೆ ಹಲ್ಲಿನ ತಲೆ ಮಾತ್ರ ಕತ್ತರಿಸಿ ಬೇರನ್ನು ಅಲ್ಲೇ ಬಿಡುವ ಪದ್ಧತಿಯೂ ಇದೆ.

ಹುಡುಗಿಯ ಬಲಬದಿಯ ಹಲ್ಲು ಮುಂದಕ್ಕೆ ಬಾಗಿತ್ತು, ನರದ ಕಾಲುವೆ ದೂರವಿತ್ತು. ಕೀಳಲು ಹತ್ತು ದಿನ ಬಿಟ್ಟು ಬರಹೇಳಿದರು. ನೋವಿರುವಾಗ ಇವತ್ತೇ ತೆಗೆದುಬಿಡಿ ಎಂದು ಎಲ್ಲರೂ ಕೇಳುವುದು ಸಹಜ. ಸೋಂಕು ತಗುಲಿದ ಜಾಗ ಆಮ್ಲೀಯವಾಗುತ್ತದೆ. ಮರಗಟ್ಟಿಸುವ ಲಿಗ್ನೊಕೇನ್ ಔಷಧಿಗೆ ಅಲ್ಲಿ ನರದ ಪೊರೆ ದಾಟುವ ಶಕ್ತಿ ಕುಗ್ಗುತ್ತದೆ. ಇಂಜೆಕ್ಷನ್ ಕೊಟ್ಟರೂ ನೋವು ತಿಳಿಯುತ್ತದೆ. ಅದೂ ಅಲ್ಲದೆ ಎರಡು ಬೆರಳೂ ಹೋಗದ ಬಾಯೊಳಗೆ ಉಪಕರಣ ಹಿಡಿಯುವುದೆಲ್ಲಿ?

ಹತ್ತು ದಿನದ ಮೇಲೆ ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಯಿತು. ಒಸಡು ಬಿಡಿಸಿ, ಸಲೈನ್ ಹಾಯಿಸುತ್ತ ಸುತ್ತಲಿನ ಎಲುಬನ್ನು ಸ್ವಲ್ಪ ಕೊರೆದು, ಹಲ್ಲನ್ನು ಎರಡು ತುಂಡು ಮಾಡಿ ತೆಗೆದು ಹೊಲಿಗೆ ಹಾಕಿದರು. ನೋವಾಗಲಿಲ್ಲ, ತಳ್ಳಿದಂತೆ ಮಾತ್ರ ಅನಿಸಿತು ಎಂದಳು. ಊತ ಹೆಚ್ಚುವುದು ಎರಡನೇ, ಮೂರನೇ ದಿನ. ಮೊದಲೇ ಗೊತ್ತಿದ್ದರೆ ಗಾಬರಿಯಾಗುವುದಿಲ್ಲ. ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ಐಸ್, ಊಟಕ್ಕೆ ಆರಿಸಿದ ಗಂಜಿ ಮತ್ತು ಆಯಿ ಮಾಡಿದ ಬ್ರಾಹ್ಮಿ ಎಲೆಯ ತಂಬುಳಿ. ಬಾಯಿ ಸುಡದ, ಅಗಿಯಬೇಕಿಲ್ಲದ ತಂಬುಳಿಗಿಂತ ಒಳ್ಳೆಯ ಪಥ್ಯ ನನಗೆ ಗೊತ್ತಿಲ್ಲ.

ಕುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಅದಕ್ಕೆ ಮುಚ್ಚಳ. ಮೊದಲ ದಿನ ಜೋರಾಗಿ ಉಗುಳಬಾರದು, ಸ್ಟ್ರಾದಲ್ಲಿ ಹೀರಬಾರದು. ಬೀಡಿ, ಸಿಗರೇಟು, ಎಲೆ-ಅಡಿಕೆಯ ಕವಳ ಗಾಯ ಮಾಯುವವರೆಗೆ ಬೇಡವೇ ಬೇಡ. ನಾನು ಎರಡನೇ ದಿನಕ್ಕೇ ಕವಳ ಹಾಕಿದೆ. ನಾಲ್ಕನೇ ದಿನ ಕಿವಿಯವರೆಗೆ ಸಿಡಿಯುವ ನೋವು. ಹೆಪ್ಪು ಕಳಚಿ ಎಲುಬು ಬರಿದಾಗಿತ್ತು. ವೈದ್ಯರು ಕುಳಿ ತೊಳೆದು ಔಷಧಿ ಅದ್ದಿದ ಪಟ್ಟಿ ತುರುಕಿದಾಗ ಬಾಯ್ತುಂಬ ಬಂದದ್ದು ಲವಂಗದ ವಾಸನೆ, ಅದೇ ಯೂಜಿನಾಲ್.

ಕವಳದ ಮಾತು ಬಂದದ್ದರಿಂದ ಇದನ್ನೂ ಹೇಳಲೇಬೇಕು. ಬಾಯಿ ಬಿಡಲಾಗದ ಎಲ್ಲರಿಗೂ ಬುದ್ಧಿಹಲ್ಲೇ ಕಾರಣವಲ್ಲ. ನೋವಿಲ್ಲದೆ, ವರ್ಷದಿಂದ ವರ್ಷಕ್ಕೆ ಬಾಯಿ ಕಿರಿದಾಗುತ್ತ, ಖಾರ ತಿಂದರೆ ಉರಿಯುತ್ತ, ಕೆನ್ನೆಯ ಒಳಭಾಗ ಬಿಳಿಚಿ ಹಗ್ಗದಂತೆ ಬಿಗಿಯಾಗಿದ್ದರೆ ಅದು ಅಡಿಕೆ ಅಗಿಯುವುದರಿಂದ ಬರುವ ಸಬ್‌ಮ್ಯೂಕಸ್ ಫೈಬ್ರೋಸಿಸ್. ಮುಂದೆ ಕ್ಯಾನ್ಸರ್ ಆಗಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಸೇರಿಸಿದೆ. ಅಡಿಕೆಯಿಂದಲೇ ಅನ್ನ ಕಂಡ ಮನೆಯವನಾಗಿ ಇದನ್ನು ಬರೆಯುವುದು ನನಗೆ ಸುಲಭವಲ್ಲ. ಆದರೂ ಮನೆಯ ಹಿರಿಯರಿಗೆ ತಿಂಗಳಿಗೊಮ್ಮೆ ಮೂರು ಬೆರಳು ಇಟ್ಟು ನೋಡಲು ಹೇಳಿ.

ಒಂದು ವಾರಕ್ಕೆ ಹೊಲಿಗೆ ಬಿಚ್ಚಿಸಿಕೊಂಡು ಹುಡುಗಿ ಕಾರವಾರಕ್ಕೆ ಹೋದಳು. ಎಡಬದಿಯದು ಎಲುಬಿನೊಳಗೆ ನೆಟ್ಟಗಿದೆ, ಬೇರಿನ್ನೂ ಪೂರ್ತಿ ಬಲಿತಿಲ್ಲ. ಅದನ್ನು ಹಾಗೇ ಬಿಟ್ಟು ಮುಂದಿನ ವರ್ಷ ಇನ್ನೊಂದು ಒಪಿಜಿ ತೆಗೆಸಲು ವೈದ್ಯೆ ಹೇಳಿದ್ದಾರೆ. ತಿಂಗಳ ಮೇಲೆ ಅವಳ ಫೋನಿನಿಂದ ಒಂದು ಫೋಟೋ ಬಂತು. ಬಾಯಲ್ಲಿ ಮೂರು ಬೆರಳು.