ಮೊದಲು ಮುಟ್ಟಿ, ಆಮೇಲೆ ಮಗುಚಿ

ಈಜು ಸ್ಪರ್ಧೆಗಳಲ್ಲಿ ಟರ್ನ್ ಜಡ್ಜ್ ಆಗಿ, ಅಂದರೆ ಗೋಡೆಯಲ್ಲಿ ಈಜುಗಾರರು ಸರಿಯಾಗಿ ಮುಟ್ಟಿ ತಿರುಗುತ್ತಾರೋ ಅಂತ ನೋಡಲು, ನಿಲ್ಲುವವರಿಗೆ ಒಂದು ಜಗಳ ತಪ್ಪಿದ್ದಲ್ಲ. "ಮೇಡಂ, ನಮ್ಮ ಹುಡುಗಿ ಮೂರನೇದಾಗಿ ಬಂದಿದ್ದಾಳೆ, ಯಾಕೆ ಡಿಕ್ಯು ಮಾಡಿದ್ರಿ?" ಡಿಕ್ಯು ಅಂದರೆ ಡಿಸ್‌ಕ್ವಾಲಿಫೈ, ಅನರ್ಹ. ಅದು ಇಂಡಿವಿಜುವಲ್ ಮೆಡ್ಲೆ, ಅಂದರೆ ಒಬ್ಬರೇ ಬಟರ್‌ಫ್ಲೈ, ಬ್ಯಾಕ್‌ಸ್ಟ್ರೋಕ್, ಬ್ರೆಸ್ಟ್‌ಸ್ಟ್ರೋಕ್, ಫ್ರೀಸ್ಟೈಲ್ ನಾಲ್ಕನ್ನೂ ಇದೇ ಕ್ರಮದಲ್ಲಿ ಈಜುವ ಐಎಂ ರೇಸ್ ಆಗಿದ್ದರೆ ನಾನು ಉತ್ತರ ಹುಡುಕಬೇಕಾಗಿಯೇ ಇಲ್ಲ. ಹೆಚ್ಚಿನ ಸಲ ತಪ್ಪು ಆಗಿರುವುದು ಅಂಗಾತ ಈಜುವ ಬ್ಯಾಕ್‌ಸ್ಟ್ರೋಕ್ ಮುಗಿದು ಬೋರಲಾಗಿ ಈಜುವ ಬ್ರೆಸ್ಟ್‌ಸ್ಟ್ರೋಕ್ ಶುರುವಾಗುವ ಗೋಡೆಯಲ್ಲಿ.

ಇದು ಬರೀ ಮಕ್ಕಳ ತಪ್ಪು ಅಂದುಕೊಳ್ಳಬೇಡಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 200 ಮೀಟರ್ ಐಎಂ ಫೈನಲ್. ಕೆನಡಾದ ಸಮ್ಮರ್ ಮ್ಯಾಕಿಂಟಾಶ್ 2 ನಿಮಿಷ 6.56 ಸೆಕೆಂಡಿನಲ್ಲಿ ಗೆದ್ದರು. ರಿಯೋದಲ್ಲಿ ಹಂಗೇರಿಯ ಕಟಿಂಕಾ ಹೊಸ್ಸು ಮಾಡಿದ್ದ ಒಲಿಂಪಿಕ್ ದಾಖಲೆ 0.02 ಸೆಕೆಂಡಿನಲ್ಲಿ ಮುರಿಯಿತು. ಅಮೆರಿಕದ ಕೇಟ್ ಡಗ್ಲಸ್ ಎರಡನೆಯವರು. ಅವರ ಹಿಂದೆಯೇ ಮೂರನೆಯವರಾಗಿ ಗೋಡೆ ಮುಟ್ಟಿದ್ದು ಅಮೆರಿಕದವರೇ ಆದ ಅಲೆಕ್ಸ್ ವಾಲ್ಶ್. ಟೋಕಿಯೋದ ಬೆಳ್ಳಿ ಪದಕ, 2022ರ ವಿಶ್ವ ಚಾಂಪಿಯನ್ ಪಟ್ಟ, ಎರಡೂ ಇದೇ ರೇಸಿನಲ್ಲಿ ಅವರಿಗೆ ಬಂದಿದ್ದವು. ಆದರೂ ಡಿಕ್ಯು. ಬ್ಯಾಕ್‌ಸ್ಟ್ರೋಕ್ ಅಂಗಾತ ಮುಗಿಸಲಿಲ್ಲ ಅನ್ನುವುದೇ ಕಾರಣ. ಸುಮಾರು ಒಂದು ಸೆಕೆಂಡ್ ಹಿಂದೆ ಬಂದಿದ್ದ ಆಸ್ಟ್ರೇಲಿಯಾದ ಕೇಲೀ ಮೆಕಿಯೋನ್‌ಗೆ ಕಂಚು ಸಿಕ್ಕಿತು.

ಆ ವಾರ ನಮ್ಮ ಬೆಂಗಳೂರಿನ 14 ವರ್ಷದ ಧಿನಿಧಿ ದೇಸಿಂಗು ಅದೇ ಕೊಳದಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದ್ದಳು. ಹಾಗಾಗಿ ಇಲ್ಲಿನ ಅಪ್ಪ ಅಮ್ಮಂದಿರೂ ಟಿವಿ ಮುಂದೆ ಕೂತಿದ್ದರು. ಮೆಡ್ಲೆ ಫೈನಲ್ ಆದಮೇಲೆ ನನಗೆ ಬಂದ ಮೆಸೇಜುಗಳೆಲ್ಲ ಒಂದೇ ಥರ: "ಬ್ಯಾಕ್‌ಸ್ಟ್ರೋಕ್‌ನಲ್ಲಿ ಎಲ್ಲರೂ ಬೋರಲಾಗಿ ಮಗುಚಿಕೊಂಡೇ ಟರ್ನ್ ಮಾಡ್ತಾರಲ್ವಾ?"

ಮಾಡುತ್ತಾರೆ, ಸರಿ. ಆದರೆ ಎಲ್ಲಿ? ಒಂದು ಲೆಂಗ್ತ್, ಅಂದರೆ ಕೊಳದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಬ್ಯಾಕ್‌ಸ್ಟ್ರೋಕ್ ಆಗಿ ಮುಂದಿನ ಲೆಂಗ್ತ್ ಕೂಡ ಬ್ಯಾಕ್‌ಸ್ಟ್ರೋಕ್ ಇದ್ದಾಗ. ಅಲ್ಲಿ ಬೋರಲಾಗಿ, ಒಂದು ಸಲ ಕೈ ಎಳೆದು, ಪಲ್ಟಿ ಹೊಡೆದು, ಅಂಗಾತವೇ ಗೋಡೆ ಬಿಟ್ಟು ಹೊರಡಬಹುದು. ಆ ರಿಯಾಯಿತಿ ಟರ್ನ್‌ಗೆ ಮಾತ್ರ. ಐಎಂನಲ್ಲಿ ಒಂದು ಸ್ಟ್ರೋಕಿನಿಂದ ಇನ್ನೊಂದಕ್ಕೆ ಹೋಗುವ ಗೋಡೆ ನಿಯಮದ ಲೆಕ್ಕದಲ್ಲಿ ಟರ್ನ್ ಅಲ್ಲ. ಅದು ಆ ಸ್ಟ್ರೋಕಿನ ಫಿನಿಶ್. ಬ್ಯಾಕ್‌ಸ್ಟ್ರೋಕ್ ರೇಸ್ ಮುಗಿಸುವಾಗ ಹೇಗೆ ಅಂಗಾತ ಇದ್ದೇ ಗೋಡೆ ಮುಟ್ಟಬೇಕೋ, ಇಲ್ಲೂ ಹಾಗೆಯೇ.

ಇನ್ನೂ ಗೊಂದಲ ಇದ್ದರೆ 400 ಮೀಟರ್ ಐಎಂ ನೋಡಿ. 50 ಮೀಟರಿನ ಕೊಳದಲ್ಲಿ 100ರಿಂದ 200ರವರೆಗೆ ಬ್ಯಾಕ್‌ಸ್ಟ್ರೋಕ್. 150ರ ಗೋಡೆಯಲ್ಲಿ ಹುಡುಗಿ ಬೋರಲಾಗಿ ಪಲ್ಟಿ ಹೊಡೆದರೆ ನಾವು ಸುಮ್ನೆ ನಿಂತಿರುತ್ತೇವೆ. ಅದೇ ಹುಡುಗಿ ಅದನ್ನೇ 200ರ ಗೋಡೆಯಲ್ಲಿ ಮಾಡಿದರೆ ಡಿಕ್ಯು. 50 ಮೀಟರಿನ ಕೊಳದಲ್ಲಿ 200 ಐಎಂ ಆದರೆ ಪ್ರತಿ ಸ್ಟ್ರೋಕಿಗೂ ಒಂದೇ ಲೆಂಗ್ತ್. ಅಲ್ಲಿ ಮಗುಚುವ ರಿಯಾಯಿತಿ ಸಿಗುವ ಗೋಡೆಯೇ ಇಲ್ಲ!

ಹಾಗಾದರೆ ವಾಲ್ಶ್ ಅಂಥವರು ಎಡವುವುದು ಹೇಗೆ? ದೊಡ್ಡ ಈಜುಗಾರರು ಇಲ್ಲಿ ಹೆಚ್ಚಾಗಿ ಕ್ರಾಸ್‌ಓವರ್ ಟರ್ನ್ ಮಾಡುತ್ತಾರೆ. ಕೊನೆಯ ಕೈಯನ್ನು ಮೈಯ ಆಚೆ ಬದಿಗೆ ದಾಟಿಸಿ, ಪಕ್ಕಕ್ಕೆ ವಾಲಿಕೊಂಡೇ ಗೋಡೆ ಮುಟ್ಟಿ, ತಕ್ಷಣ ಪಲ್ಟಿ. ಮೈ 90 ಡಿಗ್ರಿಯ ಹತ್ತಿರ ಹೋಗಬಹುದು, 90 ಆಗಬಾರದು. ತಲೆ ಯಾವ ಕಡೆ ತಿರುಗಿದೆ ಅನ್ನುವುದು ಲೆಕ್ಕಕ್ಕಿಲ್ಲ, ಭುಜ ನೋಡುತ್ತೇವೆ. ಜಾಸ್ತಿ ವಾಲಿದಷ್ಟೂ ಪಲ್ಟಿ ಬೇಗ, ಅದಕ್ಕೇ ಎಲ್ಲರೂ ಆ ಅಂಚಿನಲ್ಲೇ ಆಡುತ್ತಾರೆ. ಬೆರಳು ಗೋಡೆಗೆ ತಾಗಿದ ಮೇಲೆ ಹೇಗೆ ಬೇಕಾದರೂ ತಿರುಗಿ, ಕಾಲು ಗೋಡೆ ಬಿಡುವಾಗ ಬೋರಲಾಗಿದ್ದರೆ ಸಾಕು. ತಪ್ಪೋ ಸರಿಯೋ ಅನ್ನುವುದೆಲ್ಲ ತಾಗುವುದಕ್ಕೆ ಮೊದಲು ಭುಜ ಎಲ್ಲಿತ್ತು ಅನ್ನುವುದರ ಮೇಲೆ.

"ಅದರಿಂದ ಅವಳಿಗೇನು ಲಾಭ ಆಯ್ತು?" ಅಂತ ಕೇಳುವವರಿದ್ದಾರೆ. ಲಾಭ ಆಯಿತೋ ಇಲ್ಲವೋ ನಿಯಮ ಕೇಳುವುದಿಲ್ಲ, ನಾವೂ ಅಳೆಯುವುದಿಲ್ಲ.

ಹೋದ ವರ್ಷ ಒಂದು ಮೀಟ್‌ನಲ್ಲಿ ಒಬ್ಬ ಅಪ್ಪ ಫೋನ್ ಹಿಡಿದುಕೊಂಡು ಬಂದರು. ಗ್ಯಾಲರಿಯ ಮೇಲಿಂದ ತೆಗೆದ ವಿಡಿಯೋ. ಎರಡು ಬೆರಳಲ್ಲಿ ಹಿಗ್ಗಿಸಿ, ನಿಲ್ಲಿಸಿ, "ನೋಡಿ, ಸರಿಯಾಗೇ ಇದೆ" ಅಂದರು. ಕಂಡಿದ್ದು ಬಿಳೀ ನೊರೆ, ಒಂದು ಮೊಣಕೈ, ಪಕ್ಕದ ಲೇನಿನ ಹಗ್ಗ. ಪಕ್ಕದಲ್ಲೇ ಟವೆಲ್ ಹೊದ್ದು ಚಕ್ಕುಲಿ ತಿನ್ನುತ್ತಿದ್ದ ಮಗಳು, "ಬಿಡಪ್ಪಾ, ನಾನು ತಿರುಗಿಬಿಟ್ಟಿದ್ದೆ" ಅಂದಳು. ಮಕ್ಕಳಿಗೆ ಗೊತ್ತಿರುತ್ತದೆ. ಈ ಮಕ್ಕಳ ಮೇಲೆ ನನಗೆ ಪ್ರೀತಿ ಇರುವುದು ಅದಕ್ಕೇ.

ಹಾಗಂತ ನಾವು ತಪ್ಪೇ ಮಾಡುವುದಿಲ್ಲ ಅನ್ನಲಾರೆ. ನಾವು ಕಂಡದ್ದನ್ನು ಬರೆದು ಕೊಡುತ್ತೇವೆ, ತೀರ್ಮಾನ ರೆಫ್ರಿಯದು. ಅನುಮಾನ ಇದ್ದರೆ ಅದರ ಲಾಭ ಈಜುವವರಿಗೇ. ಪುಟ್ಟ ಮಕ್ಕಳ ಮೀಟ್‌ಗಳಲ್ಲಿ ಕೆಲವೊಮ್ಮೆ ಸ್ವಲ್ಪ ಸಡಿಲ ಇರಬಹುದು, ಆಯೋಜಕರನ್ನು ಮೊದಲೇ ಕೇಳಿಕೊಳ್ಳಿ.

ಕೋಚ್‌ಗಳಿಗೂ ಒಂದು ಮಾತು. ಗೋಡೆಗೆ 5 ಮೀಟರ್ ಇರುವಾಗ ಮೇಲೆ ಕಟ್ಟಿರುವ ಬಾವುಟದ ಸಾಲಿನಿಂದ ಎಷ್ಟು ಕೈ ಅಂತ ಎಣಿಸುವುದನ್ನು ಸುಸ್ತಾದಾಗಲೂ ಮಾಡಿಸಿ. ಬಟರ್‌ಫ್ಲೈ ಹೊಡೆದು ಬಂದ ಮೇಲೆ ಕೈ ಗಿಡ್ಡ ಆಗುತ್ತದೆ, ಎಣಿಕೆ ತಪ್ಪುತ್ತದೆ, ಗೋಡೆ ಹುಡುಕಲು ಹುಡುಗಿ ಹೊರಳುತ್ತಾಳೆ. ಕ್ರಾಸ್‌ಓವರ್ ಬರದವರಿಗೆ ಗೋಡೆ ಮುಟ್ಟಿ ಪಲ್ಟಿ ಇಲ್ಲದೆ ತಿರುಗುವ ಸಾದಾ ಓಪನ್ ಟರ್ನ್ ಕಲಿಸಿ, ಅರ್ಧ ಸೆಕೆಂಡ್ ಹೋದರೆ ಹೋಗಲಿ.

ಇಷ್ಟಾದರೂ ನಿರ್ಧಾರ ತಪ್ಪು ಅನ್ನಿಸಿದರೆ, ರೇಸ್ ಮುಗಿದ 30 ನಿಮಿಷದೊಳಗೆ ತಂಡದ ಮ್ಯಾನೇಜರ್ ಬರಹದಲ್ಲಿ, ಡಿಪಾಸಿಟ್ ಕಟ್ಟಿ, ರೆಫ್ರಿಗೆ ಪ್ರೊಟೆಸ್ಟ್ ಕೊಡಬಹುದು. ಮ್ಯಾನೇಜರ್, ಅಪ್ಪ ಅಲ್ಲ. ಯಾವ ಗೋಡೆಯ ಬಗ್ಗೆ ತಕರಾರು ಅನ್ನುವುದನ್ನೂ ದಯವಿಟ್ಟು ಬರೆಯಿರಿ.