ಟನಲ್ ಎದ್ದಿದೆ, ಕಾಲ್ ನಿಲ್ಲುತ್ತಿಲ್ಲ

2025ರ ಸೆಪ್ಟೆಂಬರ್ 30ಕ್ಕೆ ಅಮೆರಿಕದ ಎಒಎಲ್ ಕಂಪನಿ ಫೋನ್ ಲೈನಿನ ಮೂಲಕ ಇಂಟರ್‌ನೆಟ್ ಕೊಡುವ ತನ್ನ ಡಯಲ್-ಅಪ್ ಸೇವೆ ನಿಲ್ಲಿಸಿತು. ಅದಕ್ಕೂ ಒಂದು ವರ್ಷ ಮುಂಚೆ, 2024ರ ಅಕ್ಟೋಬರ್‌ನಲ್ಲಿ, ವಿಂಡೋಸ್ ಸರ್ವರ್‌ನ ಮುಂದಿನ ಆವೃತ್ತಿಗಳಲ್ಲಿ ಪಿಪಿಟಿಪಿ ಮತ್ತು ಎಲ್‌ಟುಟಿಪಿ ಎಂಬ ಎರಡು ಟನಲ್ ವಿಧಾನಗಳನ್ನು ಕೈಬಿಡುವುದಾಗಿ ಮೈಕ್ರೋಸಾಫ್ಟ್ ಹೇಳಿತ್ತು. ಈಗಿನ ಹುಡುಗರಿಗೆ ಎಲ್‌ಟುಟಿಪಿ ಅಂದರೆ ಆಫೀಸಿನ ವಿಪಿಎನ್. ಅದು ಹುಟ್ಟಿದ್ದು ಮೋಡೆಮ್‌ಗಳ ಕಿರುಚಾಟದ ನಡುವೆ ಅಂದರೆ ನಂಬುವುದಿಲ್ಲ.

ಕಥೆ ಶುರುವಾಗುವುದು ಬಾಡಿಗೆ ಲೆಕ್ಕದಿಂದ. 1990ರ ದಶಕದ ಅಮೆರಿಕದಲ್ಲಿ ಊರೂರಿಗೂ ಮೋಡೆಮ್ ರ‍್ಯಾಕ್ ಇಡುವಷ್ಟು ದುಡ್ಡು ಸಣ್ಣ ಐಎಸ್‌ಪಿಗಳ (ಇಂಟರ್‌ನೆಟ್ ಸೇವೆ ಮಾರುವ ಕಂಪನಿಗಳ) ಬಳಿ ಇರಲಿಲ್ಲ. ದೊಡ್ಡ ಟೆಲಿಕಾಂ ಕಂಪನಿ ರ‍್ಯಾಕ್ ಇಟ್ಟಿತು, ಹತ್ತಾರು ಐಎಸ್‌ಪಿಗಳು ಅದನ್ನು ಹಂಚಿಕೊಂಡವು. ಬಂದ ಕರೆ ಯಾರ ಗಿರಾಕಿಯದು ಎಂದು ಯೂಸರ್‌ನೇಮಿನ ಬಾಲ ನೋಡಿ ಗುರುತಿಸಿ, ಇಡೀ ಪಿಪಿಪಿ ಸಂಪರ್ಕವನ್ನೇ (ಫೋನ್ ಲೈನಿನ ಮೇಲೆ ಗಿರಾಕಿಯ ಕಂಪ್ಯೂಟರ್ ಇಂಟರ್‌ನೆಟ್ ಸೇರುವ ವಿಧಾನ ಅದು) ಐಪಿ ಪ್ಯಾಕೆಟ್‌ಗಳಲ್ಲಿ ಸುತ್ತಿ ಆಯಾ ಐಎಸ್‌ಪಿಯ ರೌಟರ್‌ಗೆ ತಲುಪಿಸುವುದೇ ಟನಲ್ ಕೆಲಸ. ಕರೆ ಹಿಡಿಯುವ ತುದಿ ಎಲ್‌ಎಸಿ, ಐಎಸ್‌ಪಿ ಕಡೆಯದು ಎಲ್‌ಎನ್‌ಎಸ್.

ಮೈಕ್ರೋಸಾಫ್ಟ್, ಅಸೆಂಡ್ ಮೊದಲಾದವರು ಪಿಪಿಟಿಪಿ ತಂದರು, ಸಿಸ್ಕೊ ಎಲ್‌ಟುಎಫ್ ತಂದಿತು. ಎರಡನ್ನೂ ಕೂಡಿಸಿ 1999ರ ಆಗಸ್ಟ್‌ನಲ್ಲಿ ಇಂಟರ್‌ನೆಟ್ ನಿಯಮ ರೂಪಿಸುವ ಐಇಟಿಎಫ್ ಎಲ್‌ಟುಟಿಪಿಯನ್ನು ಆರ್‌ಎಫ್‌ಸಿ 2661 ಎಂಬ ದಾಖಲೆಯಾಗಿ ಪ್ರಕಟಿಸಿತು. ಇನ್ನು ಯಾರ ಪೆಟ್ಟಿಗೆಗೆ ಯಾರದ್ದು ಬೇಕಾದರೂ ಹೊಂದುತ್ತದೆ ಎಂದು ಎಲ್ಲರೂ ನಂಬಿದರು.

ಆದರೆ ಗೊಂದಲ ಎರಡಿದ್ದವು, ಸಾಮರ್ಥ್ಯದ್ದು ಮತ್ತು ಹೊಂದಾಣಿಕೆಯದು. ಸಾಮರ್ಥ್ಯದ್ದು ಮೊದಲು ನೋಡೋಣ. ಸೆಷನ್ ಸಂಖ್ಯೆಗೆ 16 ಬಿಟ್ ಇರುವುದರಿಂದ ಒಂದು ಟನಲ್‌ನಲ್ಲಿ 65,535 ಸೆಷನ್ ಹಿಡಿಯುತ್ತವೆ. ಕಾಗದದ ಮೇಲೆ. ರ‍್ಯಾಕಿಗೆ ಕರೆ ತರುವ ಅಮೆರಿಕದ ಒಂದು ಪಿಆರ್‌ಐ ಲೈನಿಗೆ 23 ಕರೆ, ನಮ್ಮ ಕಡೆಯ ಇ1ಕ್ಕೆ 30. ಸಾವಿರ ಜನ ಒಟ್ಟಿಗೆ 56 ಕೆಬಿಪಿಎಸ್ ಪೂರ್ತಿ ಎಳೆದರೂ 56 ಎಂಬಿಪಿಎಸ್. ಒಂದು ಸಾಧಾರಣ ಈಥರ್‌ನೆಟ್ ಪೋರ್ಟ್ ಸಾಕು. ಹಾಗಾಗಿ ಬ್ಯಾಂಡ್‌ವಿಡ್ತ್ ಯಾವತ್ತೂ ಸಮಸ್ಯೆಯಾಗಿರಲಿಲ್ಲ. ಟನಲ್ ಒಮ್ಮೆ ಬಿದ್ದು ಎದ್ದಾಗ ಇರುತ್ತಿತ್ತು ಹಬ್ಬ.

ಕರೆ ಕಡಿದುಹೋದ ಅಷ್ಟೂ ಜನ ಒಂದೇ ನಿಮಿಷದಲ್ಲಿ ಮತ್ತೆ ಡಯಲ್ ಮಾಡುತ್ತಾರೆ. ಒಂದೊಂದು ಕರೆಗೂ ಮೂರು ನಿಯಂತ್ರಣ ಸಂದೇಶ ಓಡಾಡಬೇಕು. ಆಚೆ ತುದಿ ಬೇರೆ ಏನೂ ಹೇಳದಿದ್ದರೆ, ಉತ್ತರ ಬರುವ ಮುಂಚೆ ಕಳಿಸಬಹುದಾದದ್ದು ನಾಲ್ಕೇ ಸಂದೇಶ. ಉತ್ತರ ಬರದಿದ್ದರೆ 1 ಸೆಕೆಂಡು, 2, 4, 8 ಎಂದು ಕಾದು ಮತ್ತೆ ಕಳಿಸಬೇಕು. ಅಷ್ಟರಲ್ಲಿ ಗಿರಾಕಿ ಬೇಸತ್ತು ಕಟ್ ಮಾಡಿ ಮತ್ತೆ ಡಯಲ್ ಮಾಡಿರುತ್ತಾನೆ. ಅವನ ಹಳೆಯ ಅರೆಬರೆ ಸೆಷನ್ ಮಾತ್ರ ಎಲ್‌ಎನ್‌ಎಸ್‌ನಲ್ಲಿ ಹಾಗೇ ಕೂತಿರುತ್ತದೆ, ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದವನು ಬಸ್ಸೇ ಹತ್ತದ ಹಾಗೆ. ಬ್ರೋಷರ್‌ನಲ್ಲಿ ಎಷ್ಟು ಸೆಷನ್ ಎಂದು ದಪ್ಪಕ್ಷರದಲ್ಲಿರುತ್ತಿತ್ತು. ಸೆಕೆಂಡಿಗೆ ಎಷ್ಟು ಎದ್ದೇಳುತ್ತವೆ ಎಂಬುದನ್ನು ಕೇಳಿದರೆ ಮಾತ್ರ ಹೇಳುತ್ತಿದ್ದರು. ಕೇಳಬೇಕೆಂದು ನಮಗೂ ತಡವಾಗಿ ಗೊತ್ತಾಯಿತೆನ್ನಿ.

ಹೊಂದಾಣಿಕೆಯದು ಇನ್ನೂ ಸೂಕ್ಷ್ಮ. ಗಿರಾಕಿ ಯಾರೆಂದು ತಿಳಿಯಲು ಎಲ್‌ಎಸಿ ಅವನ ಕಂಪ್ಯೂಟರ್ ಜೊತೆ ಎಲ್‌ಸಿಪಿ ಮಾತುಕತೆ (ಸಂಪರ್ಕದ ಷರತ್ತು ಹೊಂದಿಸಿಕೊಳ್ಳುವ ಪಿಪಿಪಿಯ ಮೊದಲ ಹಂತ) ಮುಗಿಸಿಯೇ ಬಿಟ್ಟಿರುತ್ತದೆ. ಅದರ ವರದಿಯನ್ನು ಎಲ್‌ಎನ್‌ಎಸ್‌ಗೆ ದಾಟಿಸುತ್ತದೆ. ಎಲ್‌ಎನ್‌ಎಸ್ ಅದನ್ನು ಒಪ್ಪಬಹುದು, ಇಲ್ಲವೇ ಮೊದಲಿನಿಂದ ಮಾತುಕತೆ ಶುರುಮಾಡಬಹುದು. ನಿಯಮ ಎರಡನ್ನೂ ಒಪ್ಪುತ್ತದೆ. ಈ ‘ಬಹುದು’ಗಳೇ ನಮ್ಮ ನಿದ್ದೆ ಕೆಡಿಸಿದ್ದು.

2001ರ ಸುಮಾರಿಗೆ ನಾನು ಬೆಂಗಳೂರಿನಲ್ಲಿ ಕೂತು ಅಮೆರಿಕದ ಸಣ್ಣ ಐಎಸ್‌ಪಿಗಳ ನೆಟ್‌ವರ್ಕ್ ನೋಡಿಕೊಳ್ಳುವ ರಾತ್ರಿ ಪಾಳಿಯಲ್ಲಿದ್ದೆ. ಒಂದು ರಾತ್ರಿ ಟನಲ್ ಸರಿಯಾಗಿಯೇ ಎದ್ದಿದೆ, ಪಾಸ್‌ವರ್ಡ್ ಸರಿಯಿದೆ, ಆದರೆ ಕರೆಗಳು ಒಂದೊಂದಾಗಿ ಬೀಳುತ್ತಿವೆ. ಡೀಬಗ್ ಹಾಕಿ ನೋಡಿದರೆ ಎಲ್‌ಎಸಿ ಗಿರಾಕಿ ಜೊತೆ ಒಂದು ಪ್ಯಾಕೆಟ್‌ಗೆ 1524 ಬೈಟ್ ಎಂದು ಒಪ್ಪಿಕೊಂಡಿದೆ, ಎಲ್‌ಎನ್‌ಎಸ್ 1500ಕ್ಕಿಂತ ಹೆಚ್ಚಿಗೆ ಒಪ್ಪುತ್ತಿಲ್ಲ. ಎಲ್‌ಎಸಿ ಮಾರಿದವರು ‘ನಮ್ಮದು ನಿಯಮದ ಪ್ರಕಾರವೇ ಇದೆ’ ಎಂದರು. ಎಲ್‌ಎನ್‌ಎಸ್ ಮಾರಿದವರೂ ಅದನ್ನೇ ಹೇಳಿದರು. ಇಬ್ಬರೂ ಸುಳ್ಳು ಹೇಳಿರಲಿಲ್ಲ, ಅದೇ ಕಷ್ಟ. ಎಲ್‌ಸಿಪಿಯನ್ನು ಪ್ರತಿ ಸಲ ಹೊಸದಾಗಿ ಮಾತಾಡಿಸುವಂತೆ ಒಂದು ಸಾಲು ಕಾನ್ಫಿಗ್ ಸೇರಿಸಿದೆವು, ಕರೆಗಳು ಬೀಳದೆ ನಿಂತವು. ಮಾರನೇ ದಿನ ಗಿರಾಕಿಗಳ ಬೇರೊಂದು ಗುಂಪು ಫೋನ್ ಮಾಡಿತು: ಅವರ ಹಳೇ ಡಯಲರ್‌ಗೆ ನಡುವೆ ಮತ್ತೆ ಮಾತುಕತೆ ಶುರುವಾದರೆ ಆಗಿಬರುತ್ತಿರಲಿಲ್ಲ.

ಸುತ್ತುವ ಹಾಳೆಗೂ ತೂಕವಿದೆಯಲ್ಲ. 1500 ಬೈಟ್ ಪ್ಯಾಕೆಟ್‌ಗೆ ಐಪಿ 20, ಯುಡಿಪಿ 8, ಮೇಲೆ ಎಲ್‌ಟುಟಿಪಿ ಮತ್ತು ಪಿಪಿಪಿಯ ಹೆಡರ್ (ಮೇಲೆ ಅಂಟಿಸುವ ವಿವರದ ಚೀಟಿ) ಸೇರಿದರೆ 1500 ಬೈಟ್ ಮಿತಿಯ ಈಥರ್‌ನೆಟ್‌ನಲ್ಲಿ ಅದು ಒಂದೇ ತುಂಡಾಗಿ ಹೋಗುವುದಿಲ್ಲ. ಎರಡಾಗಿ ಮುರಿದು ಆಚೆ ಕಡೆ ಜೋಡಿಸಬೇಕು, ಎಲ್‌ಎನ್‌ಎಸ್‌ನ ಸಿಪಿಯು ಏದುಸಿರು ಬಿಡುತ್ತದೆ. ಯಾರದೋ ಮಾತು ಕೇಳಿ ವಿಂಡೋಸ್‌ನಲ್ಲಿ ಎಂಟಿಯುವನ್ನು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರವನ್ನು) 576 ಮಾಡಿಕೊಂಡವರು ತಮಗೇ ಗೊತ್ತಿಲ್ಲದೆ ನಮಗೆ ಉಪಕಾರ ಮಾಡುತ್ತಿದ್ದರು.

ಆಮೇಲೆ ಡಿಎಸ್‌ಎಲ್ ಬ್ರಾಡ್‌ಬ್ಯಾಂಡ್ ಬಂತು, ಮೋಡೆಮ್ ರ‍್ಯಾಕ್‌ಗಳು ಗುಜರಿಗೆ ಹೋದವು. ಟನಲ್ ಹೋಗಲಿಲ್ಲ. 2005ರಲ್ಲಿ ಎಲ್‌ಟುಟಿಪಿಯ ಮೂರನೇ ಆವೃತ್ತಿ ಬಂತು. ಬ್ರಿಟನ್ನಿನಲ್ಲಿ ಟೆಲಿಕಾಂ ಕಂಪನಿ ಬಿಟಿ ಹೋಲ್‌ಸೇಲ್‌ನ ಲೈನ್ ಹಿಡಿದ ಸಣ್ಣ ಐಎಸ್‌ಪಿಗಳಿಗೆ ಬ್ರಾಡ್‌ಬ್ಯಾಂಡ್ ತಲುಪಿದ್ದೂ ಎಲ್‌ಟುಟಿಪಿಯ ಮೇಲೆಯೇ. ಪೋರ್ಟ್ ಸಂಖ್ಯೆ ಅದೇ 1701, ಎಲ್‌ಟುಎಫ್‌ನಿಂದ ಬಳುವಳಿಯಾಗಿ ಬಂದದ್ದು. ಬಂದದ್ದು ಎಲ್‌ಟುಎಫ್ ಪ್ಯಾಕೆಟ್ ಆದರೆ ಗುರುತು ಸಿಗಲಿ ಎಂದು ಆರ್‌ಎಫ್‌ಸಿ 2661ರ ಹೆಡರಿನಲ್ಲಿ ಆವೃತ್ತಿ ಸಂಖ್ಯೆ 1ನ್ನು ತೆಗೆದಿರಿಸಿದ್ದಾರೆ. ಅದು ಇವತ್ತಿಗೂ ಹಾಗೇ ಖಾಲಿ ಇದೆ.